ಓದುಗರ ಪ್ರಶ್ನೆ: ದೇವರ ಸೃಷ್ಟಿಯನ್ನು ನಂಬುವವರು ವಿಜ್ಞಾನಿಯಾಗಿ ಉಳಿಯಲು ಸಾಧ್ಯವೇ?

ಈ ಪ್ರಶ್ನೆ ಎರಡು ದಿಕ್ಕಿನಿಂದ ಬರುತ್ತದೆ. ಜೀವಶಾಸ್ತ್ರದ ಪದವಿಗೆ ಸೇರಿದ ಕ್ರೈಸ್ತ ಸಭೆಯ ಹುಡುಗರು ಅಂಜುತ್ತಾ ಕೇಳುತ್ತಾರೆ; ನಂಬಿಕೆಯೆಂದರೆ ಮೌಢ್ಯವೆಂದು ಮೊದಲೇ ತೀರ್ಮಾನಿಸಿದವರು ಸವಾಲು ಹಾಕುವಂತೆ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಸಾಧ್ಯ, ಹಾಗೆ ಉಳಿದವರಿದ್ದಾರೆ. ಉತ್ತರ ಕೊಟ್ಟ ಬೆನ್ನಿಗೇ ಅದೇ ಪ್ರಶ್ನೆ ಮತ್ತೆ ಬರುವುದರಿಂದ, ಈ ಸಲ ಒಬ್ಬ ವ್ಯಕ್ತಿಯನ್ನು ಮುಂದಿಟ್ಟುಕೊಂಡು ವಿವರವಾಗಿಯೇ ಬರೆಯುತ್ತೇನೆ.

ಆಸಾ ಗ್ರೇ (1810–1888) ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1842ರಿಂದ ಪ್ರಾಧ್ಯಾಪಕನಾಗಿದ್ದ ಸಸ್ಯಶಾಸ್ತ್ರಜ್ಞ ಮತ್ತು ಶ್ರದ್ಧಾವಂತ ಕ್ರೈಸ್ತ. ಡಾರ್ವಿನ್ ತನ್ನ ಸಿದ್ಧಾಂತವನ್ನು ಲೋಕಕ್ಕೆ ತಿಳಿಸುವ ಮೊದಲೇ, 1857ರ ಸೆಪ್ಟೆಂಬರಿನಲ್ಲಿ, ಅದರ ಸಾರವನ್ನು ಪತ್ರದಲ್ಲಿ ಬರೆದು ಕಳಿಸಿದ್ದು ಈ ಗ್ರೇಗೆ. ಮರುವರ್ಷ ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದಲ್ಲಿ ಡಾರ್ವಿನ್ ಮತ್ತು ಅದೇ ಸಿದ್ಧಾಂತಕ್ಕೆ ಸ್ವತಂತ್ರವಾಗಿ ಬಂದಿದ್ದ ವ್ಯಾಲೇಸ್ ಇಬ್ಬರ ಬರಹಗಳನ್ನು ಓದಿದಾಗ ಆ ಪತ್ರದ ಭಾಗವೂ ಅದರಲ್ಲಿ ಸೇರಿತ್ತು. ನಿಸರ್ಗದ ಆಯ್ಕೆಗೂ (ಬದುಕಲು ನೆರವಾಗುವ ಮಾರ್ಪಾಡುಗಳುಳ್ಳ ಜೀವಿಗಳೇ ಹೆಚ್ಚಾಗಿ ಉಳಿದು ಬೆಳೆಯುತ್ತವೆಂಬ ಡಾರ್ವಿನ್ನನ ತತ್ತ್ವ) ದೇವರ ಸಂಕಲ್ಪಕ್ಕೂ ವಿರೋಧವಿಲ್ಲವೆಂದು ಗ್ರೇ 1860ರಲ್ಲಿ ಲೇಖನಗಳನ್ನು ಬರೆದ; ಅವನ್ನು ಕಿರುಪುಸ್ತಕವಾಗಿ ಇಂಗ್ಲೆಂಡಿನಲ್ಲಿ ಹಂಚಲು ಮುದ್ರಣದ ಖರ್ಚಿನಲ್ಲಿ ಪಾಲು ಹಾಕಿದವನು ಸ್ವತಃ ಡಾರ್ವಿನ್. ತಾನು ವಿಜ್ಞಾನದಲ್ಲಿ ತನ್ನದೇ ರೀತಿಯ ಡಾರ್ವಿನ್‌ವಾದಿ, ತತ್ತ್ವದಲ್ಲಿ ದೃಢ ಆಸ್ತಿಕ, ಧರ್ಮದಲ್ಲಿ ನೈಸೀಯ ವಿಶ್ವಾಸಪ್ರಮಾಣವನ್ನು (ಕ್ರೈಸ್ತ ಸಭೆಗಳು ಪಠಿಸುವ ಪ್ರಾಚೀನ ನಂಬಿಕೆಯ ಘೋಷಣೆ) ಒಪ್ಪಿದವನು ಎಂದು ಗ್ರೇ 1876ರಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡ.

ಇಷ್ಟು ಹೇಳಿದ ಕೂಡಲೇ ಎದುರಾಗುವ ಮಾತು ನನಗೆ ಬಾಯಿಪಾಠವಾಗಿದೆ: "ಹಾಗಾದರೆ ಆತ ಸೃಷ್ಟಿಯನ್ನು ನಿಜವಾಗಿ ನಂಬಿದವನಲ್ಲ; ನಂಬುವುದೆಂದರೆ ಭೂಮಿಗೆ ಆರು ಸಾವಿರ ವರ್ಷ, ಸೃಷ್ಟಿಗೆ ಇಪ್ಪತ್ತನಾಲ್ಕು ಗಂಟೆಗಳ ಆರು ದಿನ ಎಂದು ಒಪ್ಪುವುದಲ್ಲವೇ? ಕ್ರೈಸ್ತರೆಲ್ಲರೂ ಡಾರ್ವಿನ್ ಬರುವ ತನಕ ಹಾಗೆಯೇ ನಂಬಿದ್ದರಲ್ಲವೇ?" ಅಲ್ಲ. ಎಷ್ಟು ಸಲ ಕಿತ್ತರೂ ಚಿಗುರುವ ಈ ಕಳೆಯನ್ನು ಬೇರುಸಹಿತ ಕೀಳದೆ ಮುಂದೆ ಹೋಗುವಂತಿಲ್ಲ.

"ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು" ಎಂಬ ಬೈಬಲಿನ ಮೊದಲ ವಾಕ್ಯದಲ್ಲಿ ಇಸವಿಯಿಲ್ಲ. ಸೂರ್ಯ ಕಾಣಿಸಿಕೊಳ್ಳುವುದೇ ನಾಲ್ಕನೆಯ ದಿನ. ಸೂರ್ಯನಿಲ್ಲದ ಮೊದಲ ಮೂರು ದಿನಗಳು ಎಂಥ ದಿನಗಳೆಂದು ಮೂರನೆಯ ಶತಮಾನದಲ್ಲಿಯೇ ಕ್ರೈಸ್ತ ಪಂಡಿತ ಆರಿಜೆನ್ ಕೇಳಿದ್ದ. ಆದಿಸಭೆಯ ಬಿಷಪ್ ಆಗಸ್ಟೀನನು ಸೃಷ್ಟಿಯೆಲ್ಲವೂ ಒಮ್ಮೆಗೇ ಆಯಿತೆಂದೂ, ಆರು ದಿನಗಳು ನಮ್ಮ ಗಡಿಯಾರದ ದಿನಗಳಲ್ಲವೆಂದೂ ವಾದಿಸಿದ. ಹಾಗೆಂದು ಆಗಸ್ಟೀನನು ಭೂಮಿಗೆ ಕೋಟ್ಯಂತರ ವರ್ಷಗಳೆಂದಿದ್ದನೆಂದು ದಯವಿಟ್ಟು ಯಾರೂ ಹಬ್ಬಿಸಬೇಡಿ. ಅವನ ಲೆಕ್ಕದಲ್ಲಿಯೂ ಮನುಕುಲದ ವಯಸ್ಸು ಆರು ಸಾವಿರ ವರ್ಷ ದಾಟುವುದಿಲ್ಲ. ಪ್ರೊಟೆಸ್ಟಂಟ್ ಸುಧಾರಣೆಯ ನಾಯಕ ಲೂಥರ್ ಅಂತೂ ಆರು ದಿನಗಳನ್ನು ಸಾಮಾನ್ಯ ದಿನಗಳೆಂದೇ ಓದಿದ. ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ 1650ರಲ್ಲಿ ಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ನಿಲ್ಲಿಸಿದ, ಮುಂದೆ ಆ ಇಸವಿ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚಾಗತೊಡಗಿದ್ದರಿಂದ, ಅಂಚಿನಲ್ಲಿದ್ದುದನ್ನೂ ಜನ ದೇವರ ವಾಕ್ಯವೆಂದೇ ಓದಿಕೊಂಡರು. ಅಂದರೆ ಅಭಿಪ್ರಾಯಗಳು ಹಲವಿದ್ದವು. ಅವುಗಳಲ್ಲಿ ಯಾವುದೊಂದೂ ನೈಸೀಯ ವಿಶ್ವಾಸಪ್ರಮಾಣದೊಳಗೆ ಸೇರಲಿಲ್ಲ.

ಭೂಮಿ ಬಹಳ ಹಳೆಯದೆಂದು ಇಂಗ್ಲೆಂಡಿನಲ್ಲಿ ಕಲಿಸಿದವರಲ್ಲಿ ಪ್ರಮುಖರು ಪಾದ್ರಿಗಳೇ: ಆಕ್ಸ್‌ಫರ್ಡ್‌ನಲ್ಲಿ ವಿಲಿಯಂ ಬಕ್‌ಲ್ಯಾಂಡ್, ಕೇಂಬ್ರಿಡ್ಜ್‌ನಲ್ಲಿ ಆಡಂ ಸೆಡ್ಜ್‌ವಿಕ್. ಮೇಲ್ಪದರದ ಜಲ್ಲಿ ಮಣ್ಣೆಲ್ಲ ನೋಹನ ಕಾಲದ ಜಲಪ್ರಳಯದ ಗುರುತು ಎಂಬ ವಾದವನ್ನು ಸೆಡ್ಜ್‌ವಿಕ್ 1831ರಲ್ಲಿ, ಭೂವಿಜ್ಞಾನ ಸೊಸೈಟಿಯ ಅಧ್ಯಕ್ಷಪೀಠದಿಂದಲೇ, ಬಹಿರಂಗವಾಗಿ ಹಿಂತೆಗೆದುಕೊಂಡ. ಡಾರ್ವಿನ್ನನ ಗ್ರಂಥ ಹೊರಬಂದದ್ದು ಅದಾದ ಇಪ್ಪತ್ತೆಂಟು ವರ್ಷಗಳ ಮೇಲೆ. ಆಗ ಇದೇ ಸೆಡ್ಜ್‌ವಿಕ್ ವಿಕಾಸವಾದವನ್ನು ಕಟುವಾಗಿ ವಿರೋಧಿಸಿದ, ಆದರೆ ಭೂಮಿಯ ವಯಸ್ಸಿನ ಕಾರಣಕ್ಕಲ್ಲ. ಶಾಲೆಯಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ ಮೇಲೆ 1925ರಲ್ಲಿ ನಡೆದ ಅಮೆರಿಕದ ಡೇಟನ್ ಮೊಕದ್ದಮೆಯಲ್ಲಿ ವಿಕಾಸವಾದದ ವಿರುದ್ಧ ನಿಂತ ರಾಜಕಾರಣಿ ಬ್ರಯನ್ ಕೂಡ, ಪಾಟೀಸವಾಲಿನಲ್ಲಿ, ಸೃಷ್ಟಿಯ ಆ ದಿನಗಳು ಇಪ್ಪತ್ತನಾಲ್ಕು ಗಂಟೆಗಳವೆಂದು ತಾನು ಭಾವಿಸುವುದಿಲ್ಲವೆಂದ. ಇಂದು ಸಭೆಗಳಲ್ಲಿ ಕೇಳಿಬರುವ ಎಳೆಯ ಭೂಮಿಯ ವಾದ ಬಲವಾಗಿ ಹರಡಿದ್ದು 1961ರಲ್ಲಿ ಜಾನ್ ವಿಟ್‌ಕಾಂಬ್ ಎಂಬ ಬೈಬಲ್ ಪಂಡಿತ ಮತ್ತು ಹೆನ್ರಿ ಮಾರಿಸ್ ಎಂಬ ಜಲ ಎಂಜಿನಿಯರ್ ಸೇರಿ ಬರೆದ ಪುಸ್ತಕದ ನಂತರ. ನಮ್ಮಜ್ಜನ ಕಾಲದಿಂದಲೂ ಸಭೆಯ ನಂಬಿಕೆ ಇದೇ ಎನ್ನುವವರು ಈ ಇಸವಿಯನ್ನು ಗಮನಿಸಬೇಕು.

ಗ್ರೇ ಎದುರಿಸಬೇಕಾಗಿದ್ದ ವಿದ್ವಾಂಸ ಯಾರೆಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಾರ್ವರ್ಡ್‌ನಲ್ಲಿಯೇ ಇದ್ದ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಪ್ರತಿಯೊಂದು ಜೀವಿಯನ್ನೂ ಅದು ಇಂದು ಇರುವ ಸ್ಥಳದಲ್ಲಿಯೇ ದೇವರು ನೇರವಾಗಿ ಸೃಷ್ಟಿಸಿದನೆಂಬುದು ಅವನ ನಿಲುವು. ಜಪಾನಿನಿಂದ ಬಂದ ಒಣಗಿಸಿದ ಸಸ್ಯಗಳ ಹಾಳೆಗಳನ್ನು ಪರೀಕ್ಷಿಸಿದ ಗ್ರೇಗೆ, ಅವುಗಳ ಹತ್ತಿರದ ಬಂಧುಗಳು ಪಕ್ಕದ ಅಮೆರಿಕದ ಪಶ್ಚಿಮ ಕರಾವಳಿಗಿಂತ ಬಹು ದೂರದ ಪೂರ್ವ ಭಾಗದಲ್ಲಿಯೇ ಹೆಚ್ಚಾಗಿ ಕಂಡವು. ಜಿನ್‌ಸೆಂಗ್ ಇದಕ್ಕೊಂದು ಉದಾಹರಣೆ: ಒಂದು ಪ್ರಭೇದ ಪೂರ್ವ ಏಷ್ಯಾದಲ್ಲಿ, ಮತ್ತೊಂದು ಪೂರ್ವ ಅಮೆರಿಕದಲ್ಲಿ. ಒಂದೇ ಮೂಲದ ಸಸ್ಯಗಳು ಒಮ್ಮೆ ಉತ್ತರದುದ್ದಕ್ಕೂ ಹಬ್ಬಿದ್ದು, ಹಿಮಯುಗದ ಏರುಪೇರಿನಲ್ಲಿ ಅಗಲಿಹೋದವೆಂದು ಗ್ರೇ 1859ರ ಆರಂಭದಲ್ಲಿ ಅಗಾಸಿಯ ನಿಲುವಿಗೆ ಎದುರಾಗಿ ವಾದಿಸಿದ. ವಿಚಿತ್ರವೆಂದರೆ, ಮಾನವ ಜನಾಂಗಗಳನ್ನು ದೇವರು ಬೇರೆ ಬೇರೆಯಾಗಿ ಸೃಷ್ಟಿಸಿದನೆಂದು ಹೇಳಿ, ಎಲ್ಲರೂ ಆದಾಮನ ಸಂತತಿಯೆಂಬ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮಾತಿಗೆ ವಿರುದ್ಧವಾಗಿ ಹೋದವನು ಡಾರ್ವಿನ್ ವಿರೋಧಿಯಾದ ಅಗಾಸಿ. ಆ ವಾದ ಗುಲಾಮಗಿರಿಯ ಸಮರ್ಥಕರಿಗೆ ಬಹಳ ಅನುಕೂಲವಾಯಿತು. ಮನುಷ್ಯರೆಲ್ಲರೂ ಒಂದೇ ಮೂಲದವರೆಂದವನು ಡಾರ್ವಿನ್‌ವಾದಿ ಗ್ರೇ.

ಕ್ರೈಸ್ತ ಸಭೆಯ ಎದುರು ಗ್ರೇ ನಡೆದುಕೊಂಡ ಕಥೆ ಇಷ್ಟು ಉದ್ದವಿಲ್ಲ. 1880ರಲ್ಲಿ ಗ್ರೇ ಯೇಲ್ ವಿಶ್ವವಿದ್ಯಾಲಯದ ದೇವಶಾಸ್ತ್ರ ವಿದ್ಯಾರ್ಥಿಗಳೆದುರು, ಅಂದರೆ ನಾಳೆ ಸಭಾಪಾಲಕರಾಗುವವರೆದುರು, ಎರಡು ಉಪನ್ಯಾಸ ಕೊಟ್ಟ. ಹಾರ್ವರ್ಡ್‌ನಲ್ಲಿ ಹೇಳಿದ್ದನ್ನು ಅಲ್ಲಿ ತಿರುಚಲಿಲ್ಲ, ಅಲ್ಲಿ ಹೇಳಿದ್ದನ್ನು ಹಾರ್ವರ್ಡ್‌ನಲ್ಲಿ ಬಚ್ಚಿಡಲಿಲ್ಲ. ನಾನು ಅವನನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ.

ಇನ್ನು, ಯಾರೂ ಕೇಳದಿದ್ದರೂ ಕೇಳಬೇಕಿದ್ದ ಪ್ರಶ್ನೆಯೊಂದಿದೆ: ಗ್ರೇಯ ಈ ಸಮನ್ವಯವನ್ನು ಡಾರ್ವಿನ್ ಒಪ್ಪಿದನೇ? ಒಪ್ಪಲಿಲ್ಲ. ಕಂಬಳಿಹುಳುವಿನ ಜೀವಂತ ದೇಹದೊಳಗೆ ಮರಿಗಳು ತಿಂದು ಬೆಳೆಯುವಂಥ ಕಣಜದ ಹುಳುವನ್ನು ಕರುಣಾಮಯಿಯಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತನಗೆ ನಂಬಲಾಗದೆಂದು ಅವನು 1860ರ ಮೇ ತಿಂಗಳಲ್ಲಿ ಗ್ರೇಗೇ ಬರೆದ. ಜೀವಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮೂಡುವ ಮಾರ್ಪಾಡುಗಳನ್ನು ದೇವರು ಹಿತವಾದ ದಾರಿಯಲ್ಲಿ ನಡೆಸುತ್ತಾನೆಂಬ ಗ್ರೇಯ ವಾದಕ್ಕೆ 1868ರಲ್ಲಿ ಅವನು ಕೊಟ್ಟ ಉತ್ತರ ಇದು: ಬಂಡೆಯಿಂದ ತಾವಾಗಿ ಉದುರಿದ ಕಲ್ಲುಗಳಲ್ಲಿ ಬೇಕಾದವನ್ನು ಆರಿಸಿ ಒಬ್ಬ ಮನೆ ಕಟ್ಟುತ್ತಾನೆ; ಆ ಕಲ್ಲುಗಳಿಗೆ ಆಕಾರ ಬಂದದ್ದು ಅವನ ಮನೆಗಾಗಿಯೇ ಎನ್ನಬಹುದೇ? ಇಷ್ಟು ಕೇಳಿದ ಡಾರ್ವಿನ್, ಸರ್ವವನ್ನೂ ಮುಂಗಾಣುವ ಸೃಷ್ಟಿಕರ್ತನಿದ್ದಾನೆಂದರೆ ಮಾತ್ರ ಇದು ಮನುಷ್ಯನ ಸ್ವತಂತ್ರ ಇಚ್ಛೆ ಮತ್ತು ದೈವಸಂಕಲ್ಪಗಳ ಪ್ರಶ್ನೆಯಂತೆಯೇ ಬಿಡಿಸಲಾಗದ ಕಗ್ಗಂಟೆಂದು ಒಪ್ಪಿ ಅಲ್ಲಿಗೆ ನಿಲ್ಲಿಸಿದ. ಕಲ್ಲಿನ ವಾದಕ್ಕೆ ಗ್ರೇ ಸಮರ್ಪಕವಾದ ಉತ್ತರ ಕೊಡಲಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಮಾರ್ಪಾಡುಗಳು ಹೇಗೆ ಮೂಡುತ್ತವೆಂಬುದರ ಬಗ್ಗೆ ನೈಸೀಯ ವಿಶ್ವಾಸಪ್ರಮಾಣ ಏನನ್ನೂ ಹೇಳುವುದಿಲ್ಲವಾದ್ದರಿಂದ, ಆ ವಾದದಲ್ಲಿ ಸೋತರೂ ಅದನ್ನು ಪಠಿಸಲು ಅವನಿಗೆ ಅಡ್ಡಿಯಿರಲಿಲ್ಲ.