ಬಿ.ಪಿ.ಯ ಎರಡು ಸಂಖ್ಯೆಗಳ ನಡುವಿನ ಅಂತರ: ಅಪಧಮನಿ ಬಿಗಿತದ ಟಿಪ್ಪಣಿ

ವಿಜಯಪುರದ ಸುತ್ತಲಿನ ಹಳ್ಳಿಗಳಿಗೆ ಆರೋಗ್ಯ ಶಿಬಿರಕ್ಕೆ ಹೋಗುವ ನರ್ಸಿಂಗ್ ಗೆಳೆಯರಿಗೆ ಇಂಥ ಮಾತು ಹೊಸದಲ್ಲ. ಎಪ್ಪತ್ತು ದಾಟಿದ ಅಜ್ಜ, ಬಿ.ಪಿ. 168/70. ಜೊತೆಗೆ ಬಂದ ಮಗ ಹೇಳುತ್ತಾನೆ: "ಕೆಳಗಿಂದು ಛಲೋ ಐತಲ್ರೀ ಸಿಸ್ಟರ್. ವಯಸ್ಸಾದ ಮ್ಯಾಲ ಮ್ಯಾಲಿಂದು ಏರೂದ ಅಲ್ರೀ?"

ಅವನಿಗೆ ಸರಿಯಾಗಿ ಉತ್ತರಿಸಬೇಕಾದರೆ 168ರಲ್ಲಿ 70 ಕಳೆಯಿರಿ. 98 ಉಳಿಯುತ್ತದೆ. ಇದೇ ಪಲ್ಸ್ ಪ್ರೆಶರ್. ಆರೋಗ್ಯವಂತ ಯುವಕರಲ್ಲಿ ಇದು ಸುಮಾರು 40 ಇರುತ್ತದೆ. ಅಜ್ಜನ ಕೆಳಗಿನ ಸಂಖ್ಯೆ 70ಕ್ಕೆ ಇಳಿದಿರುವುದು ನೆಮ್ಮದಿಯ ಸುದ್ದಿ ಅಲ್ಲ. ಮೇಲಿನದು ಏರಿದ್ದಕ್ಕೂ ಕೆಳಗಿನದು ಇಳಿದದ್ದಕ್ಕೂ ಕಾರಣ ಒಂದೇ: ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿ, ಅಂದರೆ ಅಯೋರ್ಟಾ, ಬಿಗಿಯಾಗಿದೆ.

ಹೇಗೆ ಅಂತ ನಿಧಾನವಾಗಿ ನೋಡೋಣ. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತದೆ. ಅದೆಲ್ಲ ಆ ಕ್ಷಣದಲ್ಲೇ ಮುಂದೆ ಹೋಗುವುದಿಲ್ಲ. ಅಯೋರ್ಟಾ ಹೊಸ ರಬ್ಬರ್ ಪೈಪಿನ ಹಾಗೆ ಉಬ್ಬಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯ ಸಡಿಲಾದಾಗ ಮತ್ತೆ ಕುಗ್ಗಿ ಆ ಪಾಲನ್ನು ಮುಂದಕ್ಕೆ ನೂಕುತ್ತದೆ. ಹಾಗಾಗಿಯೇ ಎರಡು ಬಡಿತಗಳ ನಡುವೆಯೂ ಅಂಗಾಂಗಗಳಿಗೆ ರಕ್ತ ಹರಿಯುತ್ತಿರುತ್ತದೆ. ಗೋಡೆ ಬಿಗಿಯಾದರೆ ಉಬ್ಬಲು ಆಗದು, ಮೇಲಿನ ಸಂಖ್ಯೆ, ಅಂದರೆ ಸಿಸ್ಟಾಲಿಕ್, ಏರುತ್ತದೆ. ಹಿಡಿದಿಟ್ಟದ್ದೇ ಕಡಿಮೆ ಆದಾಗ ಆಮೇಲೆ ನೂಕಲು ಏನಿದೆ? ಕೆಳಗಿನ ಸಂಖ್ಯೆ, ಅಂದರೆ ಡಯಾಸ್ಟಾಲಿಕ್, ಇಳಿಯುತ್ತದೆ. ಇಷ್ಟು ಅರ್ಥವಾದರೆ ಈ ಪಾಠದ ಅರ್ಧ ಮುಗಿದಂತೆ.

ಬಿಗಿಯಾಗುವುದು ಏಕೆ? ಗೋಡೆಗೆ ಹಿಗ್ಗುವ ಗುಣ ಕೊಡುವುದು ಎಲಾಸ್ಟಿನ್ ಎಂಬ ಪ್ರೋಟೀನ್ ಎಳೆಗಳು. ಅದರ ಬಹುಪಾಲು ತಾಯಿಯ ಹೊಟ್ಟೆಯಲ್ಲಿ ಮತ್ತು ಬಾಲ್ಯದಲ್ಲೇ ತಯಾರಾಗಿಬಿಡುತ್ತದೆ. ದೊಡ್ಡವರಾದ ಮೇಲೆ ಹೊಸದು ಬಹಳ ಕಡಿಮೆ. ಹೃದಯವೋ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅರವತ್ತು ವರ್ಷಕ್ಕೆ 200 ಕೋಟಿ ದಾಟುತ್ತದೆ. ಅಷ್ಟು ಸಲ ಹಿಗ್ಗಿ ಕುಗ್ಗಿದ ಎಳೆಗಳು ದಣಿದು ತುಂಡಾಗುತ್ತವೆ. ಆಗ ಭಾರವೆಲ್ಲ ಗೋಡೆಯಲ್ಲಿರುವ ಇನ್ನೊಂದು ಪ್ರೋಟೀನ್ ಕೊಲಾಜನ್ ಮೇಲೆ ಬೀಳುತ್ತದೆ, ಅದು ಸುಲಭಕ್ಕೆ ಹಿಗ್ಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆಯ ಅಂಶ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಮೂತ್ರಪಿಂಡದ ಕಾಯಿಲೆಯಲ್ಲಿ ಗೋಡೆಯೊಳಗೆ ಕ್ಯಾಲ್ಸಿಯಂ ಕೂರುತ್ತದೆ. ಇಂಥವರಲ್ಲಿ ಬಿಗಿತ ಬೇಗ ಬರುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಕೊಬ್ಬು ಕಟ್ಟಿ ನಾಳ ಕಿರಿದಾಗುವುದು ಒಳಪದರದ ಕಾಯಿಲೆ. ಬಿಗಿತ ಮುಖ್ಯವಾಗಿ ನಡುಪದರದ್ದು. ಎರಡೂ ಒಟ್ಟಿಗೆ ಇರಬಹುದು, ಆದರೆ ಒಂದೇ ಅಲ್ಲ. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ ಅಂದಮಾತ್ರಕ್ಕೆ ಅಯೋರ್ಟಾ ಮೆತ್ತಗಿದೆ ಅಂತ ಹೇಳಲಾಗದು.

ಬಿಗಿತವನ್ನು ಅಳೆಯುವುದು ನಾಡಿಯಲೆಯ, ಅಂದರೆ ಪ್ರತಿ ಬಡಿತಕ್ಕೆ ನಾಳದಲ್ಲಿ ಸಾಗುವ ಒತ್ತಡದ ಅಲೆಯ, ವೇಗದಿಂದ. ಕುತ್ತಿಗೆಯ ಕೆರೋಟಿಡ್ ಮತ್ತು ತೊಡೆಸಂದಿಯ ಫೆಮೊರಲ್ ನಾಡಿ, ಈ ಎರಡು ಕಡೆ ಅಲೆ ಮುಟ್ಟುವ ಹೊತ್ತಿನ ವ್ಯತ್ಯಾಸ ನೋಡುತ್ತಾರೆ. ಎರಡರ ನಡುವೆ ಟೇಪ್ ಹಿಡಿದಾಗ 60 ಸೆಂ.ಮೀ. ಬಂತು ಅನ್ನಿ. ಟೇಪಿನ ಅಳತೆ ಅಲೆಯ ನಿಜವಾದ ದಾರಿಗಿಂತ ಜಾಸ್ತಿ ಬರುವುದರಿಂದ ಅದನ್ನು 0.8ರಿಂದ ಗುಣಿಸಿ: 0.48 ಮೀಟರ್. ವ್ಯತ್ಯಾಸ 0.06 ಸೆಕೆಂಡ್ ಇದ್ದರೆ ವೇಗ ಸೆಕೆಂಡಿಗೆ 8 ಮೀಟರ್. 0.04 ಸೆಕೆಂಡ್ ಆದರೆ 12 ಮೀಟರ್. 10 ದಾಟಿದರೆ ಅಪಾಯ ಅಂತ ಪರಿಗಣಿಸುತ್ತಾರೆ. ವೇಗ ಜಾಸ್ತಿ ಆದಷ್ಟೂ ಕೆಟ್ಟದ್ದು, ವೈವಾದಲ್ಲಿ ಇದನ್ನು ತಿರುಗಿಸಿ ಹೇಳಬೇಡಿ. ಬಿಗಿಯಾದ ಗೋಡೆಯಲ್ಲಿ ಅಲೆ ಜೋರಾಗಿ ಓಡುತ್ತದೆ, ದೂರದ ಕವಲುಗಳಿಗೆ ತಾಗಿ ಬೇಗ ಹಿಂದಿರುಗುತ್ತದೆ. ಹೃದಯ ಇನ್ನೂ ರಕ್ತ ತಳ್ಳುತ್ತಿರುವಾಗಲೇ ಅದಕ್ಕೆ ಎದುರಾಗುತ್ತದೆ.

ಇದರ ಪೆಟ್ಟು ಮೊದಲು ಹೃದಯಕ್ಕೇ. ಅಯೋರ್ಟಾಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಕುಹರದ ಸ್ನಾಯು ದಪ್ಪವಾಗುತ್ತದೆ, ಅದಕ್ಕೆ ರಕ್ತ ಹೆಚ್ಚು ಬೇಕು. ಆದರೆ ಎಡ ಕುಹರದ ಸ್ನಾಯುವಿಗೆ ರಕ್ತ ಬಹುಪಾಲು ಹರಿಯುವುದು ಡಯಾಸ್ಟೋಲ್‌ನಲ್ಲಿ, ಅಂದರೆ ಹೃದಯ ಸಡಿಲಾದಾಗ, ಅಲ್ಲೇ ಒತ್ತಡ ಇಳಿದಿದೆ! ಮಿದುಳು ಮತ್ತು ಮೂತ್ರಪಿಂಡದ ಸಣ್ಣ ನಾಳಗಳಿಗೂ ಪ್ರತಿ ಬಡಿತದ ಹೊಡೆತ ನೇರವಾಗಿ ತಟ್ಟುತ್ತದೆ.

"ವಯಸ್ಸಾದ ಮೇಲೆ ಏರುವುದೇ" ಅಂತ ಬಿಡಬಾರದು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಶೆಪ್ ಅಧ್ಯಯನದಲ್ಲಿ ಅರವತ್ತು ದಾಟಿದ, ಮೇಲಿನ ಸಂಖ್ಯೆ ಮಾತ್ರ ಏರಿದ್ದ 4,736 ಮಂದಿ ಇದ್ದರು. ಮಾತ್ರೆ ಪಡೆದವರಲ್ಲಿ ಪಾರ್ಶ್ವವಾಯು 36% ಕಡಿಮೆಯಾಯಿತು. ಅಜ್ಜನ ಮಗನಿಗೆ ಹೇಳಬೇಕಾದದ್ದು ಇದನ್ನೇ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಗೋಳಗುಮ್ಮಟದ ತೋಟದಲ್ಲಿ ಬೆಳಿಗ್ಗೆ ನಡೆಯಿರಿ, ಇಲ್ಲವೇ ಹೊಲದ ದಾರಿಯಲ್ಲಿ. ದಿನಾ ಚುರುಕಾಗಿ ನಡೆದರೆ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ಬಿಡುತ್ತದೆ, ನಾಳ ಸಡಿಲಾಗುತ್ತದೆ. ತುಂಡಾದ ಎಲಾಸ್ಟಿನ್ ಮಾತ್ರ ಮತ್ತೆ ಕೂಡುವುದಿಲ್ಲ, ಅದಕ್ಕೇ ಬೇಗ ಶುರು ಮಾಡಬೇಕು. ಬೀಡಿ ಬಿಡಲೇಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕಡೆ ಜೋಳದ ರೊಟ್ಟಿ ಬಿಡಿಸುವ ಅಗತ್ಯವೇ ಇಲ್ಲ. ಉಪ್ಪು ಬರುವುದು ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯಿಂದ. ಕೇಳುವಾಗ ಅದನ್ನೇ ಕೇಳಿ.

ಇಂಥ ಹಿರಿಯರಿಗೆ ಮಾತ್ರೆ ಶುರುವಾದ ಮೇಲೆ ಕುಳಿತಾಗಿನ ಬಿ.ಪಿ. ಮಾತ್ರ ಬರೆದು ಬಿಡಬೇಡಿ. ಎದ್ದು ನಿಲ್ಲಿಸಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನದು ಕನಿಷ್ಠ 20 ಅಥವಾ ಕೆಳಗಿನದು ಕನಿಷ್ಠ 10 ಇಳಿದರೆ ಕೂಡಲೇ ಡಾಕ್ಟರಿಗೆ ತಿಳಿಸಿ.