‘ಬರೀ ಜೇನು ಮೇಡಂ, ಸಕ್ಕರೆ ಇಲ್ಲ’

ಚಿಕ್ಕಮಗಳೂರಿನಲ್ಲಿ ಬಿಸಿಲು ಏರಿತು ಅಂದರೆ ನನ್ನ ಮುಂದೆ ಬಂದು ಕೂರುವ ಸಕ್ಕರೆ ಕಾಯಿಲೆಯವರದು ಒಂದೇ ಪ್ರಶ್ನೆ. ‘ಕಿತ್ತಳೆ, ಪುದೀನ, ಸೋಡಾ ಹಾಕಿ ಶರಬತ್ತು ಮಾಡ್ತೀವಿ. ಸಕ್ಕರೆ ಇಲ್ಲ, ಬರೀ ಜೇನು. ಕುಡಿಯಬಹುದಲ್ವಾ ಮೇಡಂ?’

ಕುಡಿಯಬಹುದು. ನನ್ನ ತಕರಾರು ಆ ‘ಬರೀ’ ಮೇಲೆ.

ಮೂಡಿಗೆರೆ ಕಡೆಯ ತೋಟದ ಮನೆಯ ಅಜ್ಜಿಯೊಬ್ಬರು ಬಂದಿದ್ದರು. ಸಕ್ಕರೆ ಡಬ್ಬ ಮುಟ್ಟಿ ಎರಡು ವರ್ಷವಾಯಿತಂತೆ. ರಿಪೋರ್ಟ್ ಬೇರೆ ಕಥೆ ಹೇಳುತ್ತಿತ್ತು. ಕೆದಕಿದಾಗ ಗೊತ್ತಾಯಿತು, ದಿನಕ್ಕೆ ಮೂರು ಲೋಟ ಶರಬತ್ತು, ಲೋಟಕ್ಕೆ ಎರಡು ದೊಡ್ಡ ಚಮಚ ಜೇನು. ‘ನಮ್ಮ ತೋಟದ್ದೇ ಕಣಮ್ಮ, ಶುದ್ಧ’ ಅಂದರು. ಶುದ್ಧವೇ ಇರಲಿ. ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ಒಂದು ದೊಡ್ಡ ಚಮಚ ಜೇನು ಸುಮಾರು 20 ಗ್ರಾಂ ತೂಗುತ್ತದೆ. ಅದರಲ್ಲಿ 16-17 ಗ್ರಾಂ ಸಕ್ಕರೆಯೇ. ಆರು ಚಮಚಕ್ಕೆ ಹತ್ತಿರ ಹತ್ತಿರ 100 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಕಾಯಿಲೆ ಇಲ್ಲದವರಿಗೂ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ.

ಅಜ್ಜಿ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡರು. ಮುಂದಿನ ತಿಂಗಳು ಖುಷಿಯಾಗಿ ಬಂದರು. ಜೇನು ಪೂರ್ತಿ ಬಿಟ್ಟಿದ್ದರು. ಈಗ ಜೋನಿಬೆಲ್ಲ!

ಜೇನು, ಬೆಲ್ಲ, ಜೋನಿಬೆಲ್ಲ, ಖರ್ಜೂರದ ಪಾಕ. ನಾಲಿಗೆಗೆ ಬೇರೆ ಬೇರೆ, ರಕ್ತಕ್ಕೆ ಇಳಿದ ಮೇಲೆ ಅಣ್ಣತಮ್ಮಂದಿರು. ಕೆಲವು ಜೇನು ರಕ್ತದ ಸಕ್ಕರೆ ಮಟ್ಟವನ್ನು ಮಾಮೂಲಿ ಸಕ್ಕರೆಗಿಂತ ತುಸು ನಿಧಾನವಾಗಿ ಏರಿಸಬಹುದು. ಏರಿಸುವುದಂತೂ ಹೌದು. ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ವಾದಕ್ಕೆ ನಿಲ್ಲುವವರಿಗೆ ನಾನು ನುಗ್ಗೆಸೊಪ್ಪು ಬರೆದುಕೊಡುತ್ತೇನೆ.

ಹಾಗಂತ ಈ ಶರಬತ್ತು ನನಗೇನೂ ಬೇಡವಾಗಿಲ್ಲ. ಕಾಫಿ ತೋಟದ ಕಿತ್ತಳೆ ಸಿಕ್ಕರೆ ಲೋಟಕ್ಕೆ ಅರ್ಧ ಹಣ್ಣಿನ ರಸ, ಜೊತೆಗೆ ಅರ್ಧ ನಿಂಬೆ. ಚಿಟಿಕೆ ಉಪ್ಪು ಬಿದ್ದರೆ ಹಣ್ಣಿನ ಸಿಹಿಯೇ ಜಾಸ್ತಿ ಅನ್ನಿಸುತ್ತದೆ. ಬಿಪಿ ಇದ್ದವರು ಅದನ್ನೂ ಬಿಡಿ. ಪುದೀನವನ್ನೋ ಮಜ್ಜಿಗೆಹುಲ್ಲನ್ನೋ ಸುಮ್ನೆ ಒಂದು ಸಲ ಜಜ್ಜಿದರೆ ಸಾಕು. ಪುದೀನ ನುಣ್ಣಗೆ ಅರೆದರೆ ಕಹಿ ಬಿಡುತ್ತದೆ. ಜೇನು ಬೇಕೇ ಬೇಕು ಅನ್ನುವವರು ಒಂದು ಟೀ ಚಮಚ ಹಾಕಿ, ರಸದಲ್ಲೇ ಕದಡಿ. ತಣ್ಣನೆ ಸೋಡಾದಲ್ಲಿ ಅದು ತಳಕ್ಕೆ ಕೂರುತ್ತದೆ, ಸಿಹಿ ಸಾಲದು ಅಂತ ಇನ್ನೊಂದು ಚಮಚ ಸುರಿಯುತ್ತೀರಿ. ಉಪ್ಪು ಕೂಡ ಮೊದಲೇ ಕರಗಲಿ, ಸೋಡಾ ಮೇಲೆ ಉದುರಿಸಿದರೆ ನೊರೆ ಉಕ್ಕಿ ಗ್ಯಾಸ್ ಎಲ್ಲ ಹೋಗುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳಿಯೇ ಕುಡಿಯಿರಿ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬೇಡಿ.