ಪದ ಪರಿಚಯ: ಸ್ಟ್ರಕ್ಟ್ ಪೇಜ್ ಪಾಯ್ಸನಿಂಗ್

ಕಳೆದ ಮಳೆಗಾಲದಲ್ಲಿ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮೂರ ಹುಡುಗಿ ವಾಟ್ಸಾಪ್‌ಗೆ ಒಂದು ಫೋಟೊ ಕಳಿಸಿದಳು. ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಕುಸಿದು ನಿಂತ ಪರದೆ. ಅದರಲ್ಲಿ ಒಂದು ವಿಳಾಸ: ಸಾಲಾಗಿ ಹದಿನೈದು ಎಫ್, ಕೊನೆಗೊಂದು ಇ. "ಅಣ್ಣ, ಇದೆಂತ ಅಡ್ರೆಸ್ಸು? ನನ್ನ ಕೋಡಲ್ಲಿ ಎಲ್ಲೂ ಇಲ್ಲ."

ಆ ವಿಳಾಸ ಎಲ್ಲಿಂದ ಬಂತು ಅನ್ನುವುದರಲ್ಲೇ ಈ ಪದದ ಅರ್ಥ ಇದೆ.

ನಮ್ಮ ಸಾಮಾನ್ಯ ಕಂಪ್ಯೂಟರುಗಳಲ್ಲಿ ಕರ್ನಲ್ ಮೆಮೊರಿಯನ್ನು 4096 ಬೈಟ್‌ಗಳ ಪುಟಗಳಾಗಿ ಹಂಚಿಕೊಳ್ಳುತ್ತದೆ. ಪ್ರತಿ ಪುಟಕ್ಕೂ ಒಂದು ದಾಖಲೆ ಇಡುತ್ತದೆ. ಅದೇ ಸ್ಟ್ರಕ್ಟ್ ಪೇಜ್. ಸರ್ವೆ ನಂಬರಿಗೊಂದು ಪಹಣಿ ಇದ್ದ ಹಾಗೆ: ಪುಟ ಮೆಮೊರಿಯ ಯಾವ ಗುಂಪಿಗೆ (ನೋಡ್), ಅದರೊಳಗೆ ಯಾವ ವಲಯಕ್ಕೆ ಸೇರಿದೆ, ಎಷ್ಟು ಜನ ಬಳಸುತ್ತಿದ್ದಾರೆ, ಬೀಗ ಬಿದ್ದಿದೆಯೇ, ಎಲ್ಲವೂ ಅಲ್ಲಿರುತ್ತದೆ. ಒಂದೊಂದು ದಾಖಲೆ ಸಾಮಾನ್ಯವಾಗಿ 64 ಬೈಟ್. 16 ಜಿಬಿ ಮೆಮೊರಿ ಇದ್ದರೆ ದಾಖಲೆಗಳಿಗೇ 256 ಎಂಬಿ ಹೋಗುತ್ತದೆ.

ದಾಖಲೆಗೆ ಜಾಗ ಕೊಟ್ಟಾಗಿದೆ, ವಿವರ ಇನ್ನೂ ತುಂಬಿಲ್ಲ. ಅಷ್ಟರಲ್ಲಿ ಯಾರೋ ಓದಿದರೆ? ಮೊದಲೆಲ್ಲ ಆ ಜಾಗಕ್ಕೆ ಸೊನ್ನೆ ತುಂಬಿ ಇಡುತ್ತಿದ್ದರು. ನನಗೆ ಇದಕ್ಕಿಂತ ಅಪಾಯದ ಸಂಗತಿ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಸೊನ್ನೆಯೂ ಒಂದು ಉತ್ತರವೇ. ನೋಡ್ 0, ವಲಯ 0, ಬೀಗ ಇಲ್ಲ. ಪಹಣಿಯಲ್ಲಿ ಋಣದ ಕಲಂ ಇನ್ನೂ ಬರೆದೇ ಇಲ್ಲದಿರುವಾಗ ಅಲ್ಲಿ ಸೊನ್ನೆ ಕಂಡವರು ಸಾಲವೇ ಇಲ್ಲ ಅಂದುಕೊಂಡು ಜಮೀನು ಕೊಳ್ಳುತ್ತಾರಲ್ಲ, ಹಾಗೆ. ತಪ್ಪು ಆದದ್ದು ಒಂದು ಕಡೆ, ಗೊತ್ತಾಗುವುದು ಎಷ್ಟೋ ಹೊತ್ತಿನ ಮೇಲೆ, ಇನ್ನೆಲ್ಲೋ.

ದೊಡ್ಡ ಮೆಮೊರಿಯ ಯಂತ್ರಗಳು ಬೂಟ್ ಆಗುವಾಗ ಈ ಸೊನ್ನೆ ತುಂಬುವ ಕೆಲಸವೇ ಹೊತ್ತು ತಿನ್ನುತ್ತಿತ್ತು. ಅದನ್ನು ಕೈಬಿಟ್ಟ ಮೇಲೆ, 2018ರಲ್ಲಿ ಲಿನಕ್ಸ್‌ಗೆ ಒಂದು ಪರೀಕ್ಷೆ ಸೇರಿತು: ಡೀಬಗ್ (ದೋಷ ಹುಡುಕುವ) ಆಯ್ಕೆ ಹಾಕಿ ಕಟ್ಟಿದ ಕರ್ನಲ್‌ನಲ್ಲಿ ಇನ್ನೂ ಸಿದ್ಧವಾಗದ ದಾಖಲೆಯ ಪ್ರತಿ ಬಿಟ್‌ಗೂ 1 ತುಂಬುವುದು. ಇದೇ ಪಾಯ್ಸನಿಂಗ್, ವಿಷ ಹಾಕಿಡುವುದು. ಎಲ್ಲ ಬಿಟ್‌ಗಳೂ 1 ಆಗಿರುವ ದಾಖಲೆ ನಿಜವಾದ ಪುಟಕ್ಕೆ ಇರಲು ಸಾಧ್ಯವಿಲ್ಲ. ಹಾಗಾಗಿ ಮುಟ್ಟಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. (ಪೇಜ್ ಪಾಯ್ಸನಿಂಗ್ ಅಂತ ಇನ್ನೊಂದಿದೆ. ಅದು ಬಿಟ್ಟುಕೊಟ್ಟ ಪುಟದ ಒಳಗಿನ ಮಾಹಿತಿಗೆ ಹಾಕುವ ಗುರುತು. ಎರಡನ್ನೂ ಕಲಸಬೇಡಿ.)

ಈಗ ಆ ಹದಿನೈದು ಎಫ್. ವಿಳಾಸ ಬರೆಯುವಾಗ ನಾಲ್ಕು ಬಿಟ್‌ಗೆ ಒಂದು ಅಂಕೆ: ನಾಲ್ಕೂ 1 ಆದರೆ ಎಫ್, ಅದಕ್ಕಿಂತ ಒಂದು ಕಡಿಮೆ ಆದರೆ ಇ. ಹಲವು ಪುಟ ಸೇರಿ ಒಂದು ದೊಡ್ಡ ಪುಟವಾದಾಗ, ಮೊದಲನೆಯದು ಬಿಟ್ಟು ಉಳಿದ ಪುಟಗಳ ದಾಖಲೆಯಲ್ಲಿ ಮೊದಲ ಪುಟದ ದಾಖಲೆಯ ವಿಳಾಸಕ್ಕೆ 1 ಕೂಡಿಸಿ ಬರೆದಿರುತ್ತಾರೆ. ಕೊನೆಯ ಬಿಟ್ 1 ಇದ್ದರೆ "ನಾನು ಬಾಲ, ತಲೆ ಅಲ್ಲಿದೆ" ಎಂದರ್ಥ. ವಿಷ ಹಾಕಿದ ದಾಖಲೆಯಲ್ಲಿ ಎಲ್ಲವೂ 1. ಕರ್ನಲ್ ಅದನ್ನು ಬಾಲ ಅಂದುಕೊಂಡು, ಒಂದು ಕಳೆದು, ತಲೆ ಹುಡುಕಿಕೊಂಡು ಹೋಗುತ್ತದೆ. ಹದಿನಾರು ಎಫ್‌ಗಳಲ್ಲಿ ಒಂದು ಕಳೆದರೆ ಕೊನೆಯ ಎಫ್ ಇ ಆಗುತ್ತದೆ. ಈ ವಿಳಾಸ ಕಂಡರೆ ನಾನು ಬೇರೇನೂ ನೋಡುವ ಮೊದಲು ಕೇಳುವುದು ಒಂದೇ: ಆ ಪುಟದ ನಂಬರು ಎಷ್ಟು, ಅದು ಯಾವ ಮೆಮೊರಿ ಬ್ಲಾಕಿನದು (ಒಟ್ಟಾಗಿ ಸೇರಿಸುವ, ತೆಗೆಯುವ ಮೆಮೊರಿಯ ತುಂಡು)?

ಹುಡುಗಿ ವರ್ಚುವಲ್ ಯಂತ್ರ ಓಡುತ್ತಿರುವಾಗಲೇ 128 ಎಂಬಿ ಮೆಮೊರಿ ಸೇರಿಸಿದ್ದಳು. ಆ ಬ್ಲಾಕಿನ ಸ್ಥಿತಿ ಇನ್ನೂ "ಆಫ್‌ಲೈನ್" ಅಂತಲೇ ಇತ್ತು. ದಾಖಲೆಗಳಿಗೆ ಜಾಗ ಬಂದಿತ್ತು, ವಿಷವೂ ಬಿದ್ದಿತ್ತು. ಆನ್‌ಲೈನ್ ಮಾಡಿದಾಗ ಮಾತ್ರ ವಿವರ ತುಂಬುತ್ತದೆ. ಅವಳು ಬರೆದ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಪ್ರೋಗ್ರಾಮ್) ಪುಟಗಳನ್ನು ಒಂದೊಂದಾಗಿ ಎಣಿಸುತ್ತಾ, ಪ್ರತಿ ಸಲ ಪಿಎಫ್‌ಎನ್-ವ್ಯಾಲಿಡ್ (ಪಿಎಫ್‌ಎನ್ ಅಂದರೆ ಪುಟದ ನಂಬರು) ಎಂಬ ಫಂಕ್ಷನ್ನಿಗೆ ಕೇಳುತ್ತಿತ್ತು. ಅದು ಹೇಳುವುದು ದಾಖಲೆ ಇದೆ ಎಂದಷ್ಟೆ, ತುಂಬಿದೆ ಎಂದಲ್ಲ. ಅದರ ಬದಲು ಪಿಎಫ್‌ಎನ್-ಟು-ಆನ್‌ಲೈನ್-ಪೇಜ್ ಹಾಕು ಅಂದೆ. ಅದು ಆನ್‌ಲೈನ್ ಆದ ಪುಟದ ದಾಖಲೆಯನ್ನಷ್ಟೇ ಕೊಡುತ್ತದೆ.

ರಾತ್ರಿ ಇನ್ನೊಂದು ಫೋಟೊ ಬಂತು. ಹೊಸ ಬ್ಲಾಕಿನ 32,768 ಪುಟಗಳನ್ನು ಬಿಟ್ಟು ಉಳಿದವನ್ನೆಲ್ಲ ಮಾಡ್ಯೂಲ್ ಎಣಿಸಿ ಮುಗಿಸಿತ್ತು.